ಅಳತೆ ತೆಗೆದು ಹೊಲಿಸಿದ ಕಂಪ್ಯೂಟರ್

ಡಿಗ್ರಿಗೆ ಕಾಲಿಟ್ಟ ಮಕ್ಕಳಿರುವ ಮನೆಗಳಲ್ಲಿ ಈಗ ಒಂದು ಹೊಸ ಬಗೆಯ ಚೀಟಿ ಕಾಣಿಸಿಕೊಳ್ಳುತ್ತದೆ. ಕಿರಾಣಿ ಅಂಗಡಿಯ ಚೀಟಿಯಾದರೆ ಮನೆಯವರು ಒಮ್ಮೆ ಕಣ್ಣಾಡಿಸಿ ‘ತೊಗರಿಬೇಳೆಗೆ ಇಷ್ಟೇಕೆ ಹಾಕಿದ್ದಾನೆ?’ ಎಂದು ಕೇಳಬಲ್ಲರು. ಈ ಚೀಟಿ ಹಾಗಲ್ಲ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಎಂದು ಹೆಸರುಗಳು. ಪ್ರತಿ ಹೆಸರಿನ ಮುಂದೆ ಅಕ್ಷರ, ಅಂಕಿಗಳ ಗೋಜಲು. ಕೊನೆಯಲ್ಲಿ ಒಂದು ಮೊತ್ತ. ಅರ್ಥವಾಗುವುದು ಆ ಮೊತ್ತವೊಂದೇ. ಅದನ್ನು ಓದಿದ ಅಪ್ಪ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೊಮ್ಮೆ ಓದುತ್ತಾನೆ. ಮೊತ್ತ ಮಾತ್ರ ಬದಲಾಗಿರುವುದಿಲ್ಲ.

ಬಹುಪಾಲು ಮನೆಗಳಲ್ಲಿ ಈ ಚೀಟಿಯ ಜೊತೆಗೆ ಬರುವ ಮಾತೂ ಒಂದೇ: ‘ಓದಿಗೆ ಬೇಕು.’ ತೊಡಕು ಶುರುವಾಗುವುದು ಇಲ್ಲಿಂದಲೇ. ಪ್ರೋಗ್ರಾಂ ಬರೆಯಲು, ಪಾಠದ ವಿಡಿಯೊ ನೋಡಲು, ವರದಿ ಸಿದ್ಧಪಡಿಸಲು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕಾಗುವುದು ಅಪರೂಪ. ವಿಷಯ ಬಲ್ಲ ನೆಂಟರೊಬ್ಬರು ಹಾಗೆಂದು ಹೇಳಿದರೆ ಅಪ್ಪ ಅಗ್ಗದ ಆಫೀಸು ಯಂತ್ರವೊಂದನ್ನು ತಂದು ಮೇಜಿನ ಮೇಲಿಡುತ್ತಾನೆ. ಮಗ ಮುಖ ಊದಿಸಿಕೊಂಡು ಕೂರುತ್ತಾನೆ. ಬಲ್ಲವರು ಯಾರೂ ಇಲ್ಲದಿದ್ದರೆ ಚೀಟಿ ಹಾಗೆಯೇ ಅಂಗಡಿಗೆ ಹೋಗುತ್ತದೆ, ಸಾಲ ಮನೆಗೆ ಬರುತ್ತದೆ.

ದಾವಣಗೆರೆಯ ಒಂದು ಮನೆಯಲ್ಲಿ ಇಂಥ ಚೀಟಿ ತಾಯಿಯ ಕೈಗೆ ಸಿಕ್ಕಿತು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬ್ಲೌಸು, ಚೂಡಿದಾರ ಹೊಲಿಯುವವರು ಅವರು. ಮಗ ಬಿ.ಸಿ.ಎ. ಎರಡನೆಯ ವರ್ಷ. ‘ಪ್ರಾಜೆಕ್ಟಿಗೆ ಕಂಪ್ಯೂಟರ್ ಬೇಕು’ ಎಂದು ಆತ ಪಟ್ಟಿ ಕೊಟ್ಟಿದ್ದ. ಪ್ರೊಸೆಸರ್ ಎಂದರೇನೆಂದು ತಾಯಿಗೆ ತಿಳಿಯದಿದ್ದರೂ ಲೆಕ್ಕ ತಿಳಿಯುತ್ತಿತ್ತು. ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಹಣ ಗ್ರಾಫಿಕ್ಸ್ ಕಾರ್ಡ್ ಎಂಬ ಒಂದೇ ಸಾಲಿಗೆ ಹೋಗಿತ್ತು. ಕೊನೆಯ ಸಾಲಿನಲ್ಲಿ ಬಣ್ಣದ ದೀಪವಿರುವ ಫ್ಯಾನುಗಳು ಮೂರಿದ್ದವು.

‘ಪ್ರಾಜೆಕ್ಟಿಗೆ ಬಣ್ಣದ ದೀಪ ಯಾಕೋ?’

‘ಅದು ಗಾಳಿಗೆ ಅಮ್ಮ. ಒಳಗೆ ಬಿಸಿ ಆಗುತ್ತೆ.’

‘ಗಾಳಿ ಬೀಸೋಕೆ ದೀಪ ಬೇಕಾ?’

ಹುಡುಗ ನಕ್ಕುಬಿಟ್ಟ. ಆಮೇಲೆ ತಲೆ ತಗ್ಗಿಸಿ, ‘ಆಟ ಆಡೋಕೆ ಅಮ್ಮ’ ಎಂದ.

ತಾಯಿ ಸಿಟ್ಟಾಗಲಿಲ್ಲ. ‘ಯಾತಕ್ಕೆ ಅಂತ ನಿಜ ಹೇಳದಿದ್ದರೆ ಯಾವ ಟೈಲರೂ ಸರಿಯಾಗಿ ಹೊಲಿಯೋಕಾಗಲ್ಲ. ಮೊದಲಿಂದ ಹೇಳು’ ಎಂದು ಅಳತೆಯ ಪುಸ್ತಕದಲ್ಲೇ ಒಂದು ಹೊಸ ಹಾಳೆ ತಿರುವಿದರು. ಹತ್ತು ಅಂಗಡಿ ಸುತ್ತಿದರೂ ಸಿಗದ ಸ್ಪಷ್ಟತೆ ಆ ಮನೆಗೆ ಸಿಕ್ಕಿದ್ದು ಆಗ.

ಅವರು ಕೇಳಿದ ಮೊದಲ ಪ್ರಶ್ನೆ, ‘ಇದೆಲ್ಲ ಕಾಣೋದು ಯಾವುದರಲ್ಲಿ?’ ಮನೆಯಲ್ಲಿ ಚಿಕ್ಕಪ್ಪ ಕೊಟ್ಟ ಹಳೆಯ ಮಾನಿಟರ್ ಇತ್ತು. ಅದನ್ನೇ ಇಟ್ಟುಕೊಳ್ಳುವುದೆಂದು ಹುಡುಗನ ಯೋಚನೆ. ಆದರೆ ಆತ ಬರೆದಿದ್ದ ಕಾರ್ಡು ‘ಫೋರ್‌-ಕೆ’ ಪರದೆಗೆ ತಕ್ಕದ್ದು. ಸಾಧಾರಣ ಪೂರ್ಣ ಎಚ್‌.ಡಿ. ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು, ಒಟ್ಟು 20,73,600. ಫೋರ್‌-ಕೆ ಪರದೆಯಲ್ಲಿ 82,94,400, ಅಂದರೆ ಸರಿಯಾಗಿ ನಾಲ್ಕು ಪಟ್ಟು. ಇವೆರಡರ ನಡುವಿನ 1440 ಸಾಲುಗಳ ಪರದೆಯಲ್ಲಿ 36,86,400. ಆಟ ನಡೆಯುವಾಗ ಇಷ್ಟೂ ಚುಕ್ಕಿಗಳಿಗೆ ಬಣ್ಣ ಲೆಕ್ಕ ಹಾಕಿ ತುಂಬುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಚಿಕ್ಕ ಪರದೆಗೆ ದೊಡ್ಡ ಕಾರ್ಡು ತಂದರೆ, ರವಿಕೆಯ ಕಣಕ್ಕೆ ಸೀರೆಯ ಬೆಲೆ ತೆತ್ತಂತೆ.

ಪರದೆಗೆ ಇನ್ನೊಂದು ಅಳತೆಯೂ ಉಂಟು. ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಬದಲಿಸಬಲ್ಲದು ಎಂಬುದನ್ನು ಹರ್ಟ್ಸ್‌ನಲ್ಲಿ ಹೇಳುತ್ತಾರೆ. 60 ಹರ್ಟ್ಸ್ ಪರದೆಯಾದರೆ ಒಂದು ಚಿತ್ರಕ್ಕೆ ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡ್, 144 ಹರ್ಟ್ಸ್ ಆದರೆ 6.9. ಕಾರ್ಡು 144 ಚಿತ್ರ ಬರೆದು ಕೊಟ್ಟರೂ ಹಳೆಯ ಪರದೆ ತೋರಿಸುವುದು 60 ಮಾತ್ರ. ಹೀಗಾಗಿ ಅನೇಕರ ಮನೆಯಲ್ಲಿ ದುಬಾರಿ ಕಾರ್ಡಿನ ಶ್ರಮ ಪರದೆಗೆ ತಲುಪುವ ಮುನ್ನವೇ ಪೋಲಾಗುತ್ತಿರುತ್ತದೆ. ಹೊಸ ಪರದೆ ತಂದವರೂ ವಿಂಡೋಸ್‌ನ ಸೆಟ್ಟಿಂಗಿನಲ್ಲಿ 60 ಎಂದಿರುವುದನ್ನು 144ಕ್ಕೆ ಬದಲಿಸಲು ಮರೆಯುವುದುಂಟು. ಮಾನಿಟರ್ ಕೇಬಲನ್ನು ಕಾರ್ಡಿಗೆ ಸಿಕ್ಕಿಸುವ ಬದಲು ಮದರ್‌ಬೋರ್ಡಿಗೆ ಸಿಕ್ಕಿಸಿ, ‘ಕಾರ್ಡು ಕೆಟ್ಟಿದೆ’ ಎಂದು ಅಂಗಡಿಗೆ ಓಡುವವರೂ ಇದ್ದಾರೆ.

ಎರಡನೆಯ ಪ್ರಶ್ನೆ, ‘ಯಾವ ಆಟ?’ ಗೆಳೆಯರ ಜೊತೆ ಆಡುವುದು ವ್ಯಾಲೊರಂಟ್ ಎಂದ ಹುಡುಗ. 2020ರಲ್ಲಿ ಬಂದ ಈ ಆಟ ಹಗುರವಾದದ್ದು. ಕನಿಷ್ಠ ಅಗತ್ಯವೆಂದು ಅದರ ತಯಾರಕರು ಹೇಳಿದ್ದು 2012ರ ಪ್ರೊಸೆಸರುಗಳಲ್ಲಿ ಸೇರಿಕೊಂಡೇ ಬರುತ್ತಿದ್ದ ಗ್ರಾಫಿಕ್ಸನ್ನು. ಅದೇ ವರ್ಷ ಬಂದ ಸೈಬರ್‌ಪಂಕ್ 2077ರಲ್ಲಿ ಬೆಳಕಿನ ಕಿರಣಗಳ ಲೆಕ್ಕ ಪೂರ್ತಿ ಹಚ್ಚಿದರೆ ಬಲವಾದ ಕಾರ್ಡುಗಳೂ ಏದುಸಿರು ಬಿಡುತ್ತವೆ. ಆಡುವುದು ಮೊದಲನೆಯದು, ಕೊಳ್ಳುವುದು ಎರಡನೆಯದಕ್ಕೆ ಎಂದಾದರೆ ಲೆಕ್ಕ ತಪ್ಪುತ್ತದೆ.

ಅಷ್ಟಕ್ಕೂ ಈ ಕಾರ್ಡಿನೊಳಗೆ ಏನಿದೆ? ತಾಯಿಗೆ ವಿವರಿಸಲು ಹುಡುಗನಿಗೆ ಹೊಲಿಗೆಯೇ ನೆರವಾಯಿತು. ಪ್ರೊಸೆಸರ್ ಎಂದರೆ ಕಟಿಂಗ್ ಮಾಸ್ಟರ್. ಒಬ್ಬನೇ, ಆದರೆ ಬಲು ಚುರುಕು. ಗ್ರಾಫಿಕ್ಸ್ ಕಾರ್ಡ್ ಎಂದರೆ ಸಾಲಾಗಿ ಕೂತು ಒಂದೇ ಬಗೆಯ ಹೊಲಿಗೆ ಹಾಕುವ ಸಾವಿರಾರು ಮಂದಿ. 2023ರ ಆರ್‌ಟಿಎಕ್ಸ್ 4060 ಎಂಬ ಮಧ್ಯಮ ದರ್ಜೆಯ ಕಾರ್ಡಿನಲ್ಲಿ ಇಂಥ ಕೆಲಸಗಾರರು 3,072. ಮಾಸ್ಟರ್ ಕತ್ತರಿಸಿ ಕೊಡುವುದು ನಿಧಾನವಾದರೆ ಇಷ್ಟೂ ಮಂದಿ ಕೈಕಟ್ಟಿ ಕೂರಬೇಕು. ಹಳೆಯ ಪ್ರೊಸೆಸರಿಗೆ ಹೊಸ ಕಾರ್ಡು ಜೋಡಿಸಿದವರು ನಿರಾಶರಾಗುವುದು ಇದೇ ಕಾರಣಕ್ಕೆ. ರ‍್ಯಾಮ್ ಕೂಡ 16 ಜಿ.ಬಿ.ಯ ಒಂದೇ ಪಟ್ಟಿಗಿಂತ 8ರ ಎರಡು ಪಟ್ಟಿಗಳಾಗಿದ್ದರೆ ಮಾಹಿತಿ ಎರಡು ದಾರಿಯಲ್ಲಿ ಹರಿಯುತ್ತದೆ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಅದರಲ್ಲಿ ಸ್ವಂತ ಗ್ರಾಫಿಕ್ಸ್ ಇರುವುದಿಲ್ಲ. ಬೆಲೆ ಸ್ವಲ್ಪ ಕಡಿಮೆ ನಿಜ, ಆದರೆ ಮುಂದೊಂದು ದಿನ ಕಾರ್ಡು ರಿಪೇರಿಗೆ ಹೋದರೆ ಪರದೆಯೂ ಕಪ್ಪು.

ಹೆಸರುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 1999ರಲ್ಲಿ ಎನ್‌ವಿಡಿಯಾ ಕಂಪನಿ ತನ್ನ ಜಿಫೋರ್ಸ್ 256ನ್ನು ಜಗತ್ತಿನ ಮೊದಲ ಜಿ.ಪಿ.ಯು. ಎಂದು ಸಾರಿತು. ಅಲ್ಲಿಂದ ಇಲ್ಲಿಯವರೆಗೆ ಹೆಸರುಗಳು ಬೆಳೆಯುತ್ತಲೇ ಇವೆ, ಒಂದೇ ಹೆಸರಿನಲ್ಲಿ ಬೇರೆ ಬೇರೆ ಸರಕೂ ಬಂದಿದೆ. 2016ರ ಜಿಟಿಎಕ್ಸ್ 1060 ಎರಡು ಬಗೆಯಲ್ಲಿ ಬಂತು: 6 ಜಿ.ಬಿ.ಯದರಲ್ಲಿ 1,280 ಕೋರ್‌ಗಳು, 3 ಜಿ.ಬಿ.ಯದರಲ್ಲಿ 1,152. ಮೆಮೊರಿ ಮಾತ್ರವಲ್ಲ, ಕೆಲಸಗಾರರೂ ಕಡಿಮೆ. ಹೆಸರು ಮಾತ್ರ ಒಂದೇ. 2018ರಲ್ಲಿ ಜಿಟಿ 1030 ನಿಧಾನ ಮೆಮೊರಿಯೊಂದಿಗೆ ಅದೇ ಹೆಸರಲ್ಲಿ ಮತ್ತೆ ಬಂತು. 2025ರ ಆರ್‌ಟಿಎಕ್ಸ್ 5060 ಟಿಐ ಕೂಡ 8 ಮತ್ತು 16 ಜಿ.ಬಿ.ಗಳ ಎರಡು ರೂಪದಲ್ಲಿದೆ. ಇತ್ತೀಚಿನ ದೊಡ್ಡ ಆಟಗಳಲ್ಲಿ ಚಿತ್ರಗಳ ಮೇಲ್ಮೈಗಳೆಲ್ಲ ಈ ಮೆಮೊರಿಯಲ್ಲಿ ಕೂರಬೇಕು. ಜಾಗ ಸಾಲದಿದ್ದರೆ ಆಟ ತಡವರಿಸುತ್ತದೆ. ಅಂಚಿನ ಬಣ್ಣ ನೋಡಿ ಸೀರೆ ಒಪ್ಪಿಕೊಳ್ಳದೆ ಎಳೆ ಮುಟ್ಟಿ ನೋಡುವವರಿಗೆ ಈ ಎಚ್ಚರ ಹೊಸದಲ್ಲ.

ಪಟ್ಟಿಯಲ್ಲಿ ಹುಡುಗರು ಹಣ ಉಳಿಸಲು ನೋಡುವ ಜಾಗ ಒಂದಿದೆ: ಪವರ್ ಸಪ್ಲೈ. ಆ ಡಬ್ಬಿ ಆಟವನ್ನು ಒಂದಿಷ್ಟೂ ವೇಗಗೊಳಿಸುವುದಿಲ್ಲ, ಆದ್ದರಿಂದ ಅದರ ಮೇಲೆ ಯಾರಿಗೂ ಪ್ರೀತಿಯಿಲ್ಲ. ಆದರೆ ಕಳಪೆ ಡಬ್ಬಿ ಕೆಡುವಾಗ ಒಂದೇ ಕೆಡಬೇಕೆಂದಿಲ್ಲ, ಜೊತೆಗಿರುವ ಭಾಗಗಳನ್ನೂ ಎಳೆದುಕೊಂಡು ಹೋಗಬಹುದು. 4060 ಕಾರ್ಡು ಬಳಸುವುದು 115 ವಾಟ್. ಅದಕ್ಕೆ ಸೂಚಿಸಿರುವ ಪವರ್ ಸಪ್ಲೈ 550 ವಾಟ್. 2025ರ ಆರ್‌ಟಿಎಕ್ಸ್ 5090 ಒಂದೇ 575 ವಾಟ್ ಬೇಡುತ್ತದೆ! ಡಬ್ಬಿಯ ಮೇಲಿನ ‘80 ಪ್ಲಸ್’ ಎಂಬ ಗುರುತು ಹೇಳುವುದು ವಿದ್ಯುತ್ತು ಎಷ್ಟು ಕಡಿಮೆ ಪೋಲಾಗುತ್ತದೆ ಎಂಬುದನ್ನು ಮಾತ್ರ, ಬಾಳಿಕೆಯನ್ನಲ್ಲ. ಗೋಡೆಯ ಪ್ಲಗ್ಗಿಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಒಬ್ಬರಿಂದ ನೋಡಿಸುವುದು ಪಟ್ಟಿಯಲ್ಲಿ ಯಾರೂ ಬರೆಯದ ಖರ್ಚು. 600 ವಿ.ಎ. ಎಂದು ಬರೆದ ಸಾಧಾರಣ ಯು.ಪಿ.ಎಸ್.ಗಳಲ್ಲಿ ಹಲವು ತಾಳುವುದು 360 ವಾಟ್. ಕರೆಂಟು ಹೋದಾಗ ಆಟ ಮುಂದುವರಿಸಲು ಅಲ್ಲ, ಯಂತ್ರವನ್ನು ಸರಿಯಾಗಿ ಮುಚ್ಚಲು ಅದು.

ತಾಯಿ ಕರೆಂಟ್ ಬಿಲ್ಲನ್ನೂ ಮರೆಯಲಿಲ್ಲ. ಇಡೀ ಯಂತ್ರ ಆಟದ ಹೊತ್ತಿನಲ್ಲಿ 300 ವಾಟ್ ಎಳೆದರೆ, ದಿನಕ್ಕೆ ಮೂರು ತಾಸಿನಂತೆ ತಿಂಗಳಿಗೆ 27 ಯೂನಿಟ್. ರಾಜ್ಯದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಗಡಿಯ ಹತ್ತಿರವಿರುವ ಮನೆಗೆ 27 ಸಣ್ಣ ಸಂಖ್ಯೆಯಲ್ಲ.

ಸೆಕೆಂಡ್ ಹ್ಯಾಂಡ್ ಕಾರ್ಡಿನ ಮಾತೂ ಬಂತು. 2020ರಿಂದ 22ರವರೆಗೆ ಈಥರ್ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆಗಾಗಿ ಜನ ಕಾರ್ಡುಗಳನ್ನು ಬಾಚಿಕೊಂಡದ್ದೂ ಸೇರಿ ಬೆಲೆ ಮುಗಿಲು ಮುಟ್ಟಿತ್ತು. 2022ರ ಸೆಪ್ಟೆಂಬರಿನಲ್ಲಿ ಆ ನಾಣ್ಯದ ವ್ಯವಸ್ಥೆ ಬದಲಾಗಿ ಗಣಿಗಾರಿಕೆ ನಿಂತಿತು. ಹಗಲಿರುಳು ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಹಾಗೆಂದು ಹಳೆಯದೆಲ್ಲ ಕೆಟ್ಟದ್ದಲ್ಲ. ಕಣ್ಣೆದುರು ಅರ್ಧ ತಾಸು ಆಟ ನಡೆಸಿ ತೋರಿಸಲು ಒಪ್ಪುವವರಿಂದ, ಮೂಲ ಬಿಲ್ಲು ಇರುವವರಿಂದ ಕೊಂಡರೆ ಲಾಭವೇ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ‘ಬಿಲ್ಲು ಬೇಡವೆಂದರೆ ಕಡಿಮೆ’ ಎಂಬ ಮಾತು ಕಿವಿಗೆ ಬಿದ್ದರೆ, ಬಿಲ್ಲಿಲ್ಲದ ಸರಕಿನ ವಾರಂಟಿ ಕೇಳಲು ಮುಂದೆ ದಾರಿಯಿರುವುದಿಲ್ಲ ಎಂಬುದನ್ನು ನೆನೆದರೆ ಸಾಕು. ಬೆಲೆ ಕೇಳಿದ ದಿನವೇ ಕೊಳ್ಳುವುದೂ ಮುಖ್ಯ. 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ಕೇಂದ್ರಗಳು ಮೆಮೊರಿ ಚಿಪ್‌ಗಳನ್ನು ಸೆಳೆದುಕೊಂಡದ್ದರಿಂದ ರ‍್ಯಾಮ್ ಬೆಲೆ ಜಿಗಿದು, ಹಿಂದಿನ ತಿಂಗಳ ಪಟ್ಟಿಗಳೆಲ್ಲ ಸುಳ್ಳಾದವು.

ಅಳತೆಯ ಪುಸ್ತಕದಲ್ಲಿ ಕೊನೆಗೆ ಉಳಿದ ಪಟ್ಟಿಯ ಕ್ರಮವೇ ಬೇರೆಯಾಗಿತ್ತು. ಮೇಲೆ ‘ಆಟಕ್ಕೆ, ಓದಿಗೂ’ ಎಂದು ಬರೆದಿತ್ತು. ಅದರ ಕೆಳಗೆ ಪೂರ್ಣ ಎಚ್‌.ಡಿ.ಯ 144 ಹರ್ಟ್ಸ್ ಪರದೆ, ಆಮೇಲೆ ಅದಕ್ಕೊಪ್ಪುವ ಮಧ್ಯಮ ಕಾರ್ಡು, ಕಾರ್ಡಿಗೊಪ್ಪುವ ಪ್ರೊಸೆಸರ್, ಎರಡು ರ‍್ಯಾಮ್ ಪಟ್ಟಿ, ಒಳ್ಳೆಯ ಪವರ್ ಸಪ್ಲೈ. ದೀಪದ ಫ್ಯಾನುಗಳಲ್ಲಿ ಒಂದು ಉಳಿದುಕೊಂಡಿತ್ತು. ‘ಆಸೆ ಪಟ್ಟಿದ್ದಾನೆ, ಒಂದಿರಲಿ’ ಎಂದಿದ್ದರು ತಾಯಿ. ಹೊಸ ಪರದೆ ಸೇರಿದರೂ ಮೊತ್ತ ಮೊದಲ ಚೀಟಿಗಿಂತ ಕಡಿಮೆಯಿತ್ತು. ಉಳಿದ ಹಣ ಯು.ಪಿ.ಎಸ್.ಗೆ ಹೋಯಿತು.

ಈಗ ಆ ಮನೆಯಲ್ಲಿ ಅಮ್ಮ ಕೋಣೆಗೆ ಬಂದರೆ ಹುಡುಗ ಗಡಿಬಿಡಿಯಿಂದ ಪರದೆ ಬದಲಿಸುವುದಿಲ್ಲ. ಬದಲಿಸಿಯೂ ಪ್ರಯೋಜನವಿಲ್ಲ. ಇಂದಿನ ಅನೇಕ ಕಾರ್ಡುಗಳ ಫ್ಯಾನು ಹಗುರ ಕೆಲಸವಿದ್ದಾಗ ತಾನೇ ನಿಂತುಬಿಡುತ್ತದೆ, ಆಟ ಶುರುವಾದರೆ ತಿರುಗುತ್ತದೆ. ಹೊಲಿಗೆ ಯಂತ್ರದ ಸದ್ದಿನಲ್ಲೇ ದಾರ ತುಂಡಾದದ್ದನ್ನು ಗುರುತಿಸುವ ಕಿವಿ ಅದು. ಫ್ಯಾನು ಸುಮ್ಮನಿದ್ದರೆ ಪ್ರಾಜೆಕ್ಟು, ಗುಯ್ಗುಟ್ಟಿದರೆ ಆಟ ಎಂದು ಮುಂದಿನ ಕೋಣೆಯಿಂದಲೇ ಅವರಿಗೆ ತಿಳಿಯುತ್ತದೆ.