ಮನೆಗಿಂತ ಮೊದಲು ನೆರೆಮನೆ

ಸಹೋದರಿಯರೇ, ನಿಮ್ಮಲ್ಲಿ ಎಷ್ಟು ಮಂದಿ ಈಗ ವಾಸವಿರುವ ಮನೆಯನ್ನು ಕೊಳ್ಳುವ ಮೊದಲು ನೀವೇ ಹೋಗಿ ನೋಡಿದ್ದೀರಿ? ಮದುವೆಯ ಸೀರೆಗಾಗಿ ನಾವು ನಾಲ್ಕು ಅಂಗಡಿ ಹತ್ತಿ ಇಳಿಯುತ್ತೇವೆ. ಅಕ್ಕಿಯನ್ನು ಅಂಗೈಯಲ್ಲಿ ಉಜ್ಜಿ ನೋಡದೆ ಮೂಟೆ ಮನೆಗೆ ತರುವುದಿಲ್ಲ. ಆದರೆ ಮನೆ ಕೊಳ್ಳುವಾಗ ಗಂಡಸರು ನೋಡಿ ಬರುತ್ತಾರೆ, ಅವರೇ ಮಾತು ಮುಗಿಸುತ್ತಾರೆ. ನಾವು ಸಾಮಾನು ಸಾಗಿಸುವ ದಿನ ಮೊದಲ ಬಾರಿಗೆ ಅದರ ಹೊಸ್ತಿಲು ದಾಟುತ್ತೇವೆ. ಆ ಮನೆಯಲ್ಲಿ ಹಗಲೂ ರಾತ್ರಿ ಇರಬೇಕಾದವರು ಮಾತ್ರ ನಾವು.

ನನ್ನ ತಂಗಿಗೂ ಹಾಗೆಯೇ ಆಗುವುದರಲ್ಲಿತ್ತು. ನಮ್ಮ ಊರು ಹುಣಸೂರು. ಅವಳ ಯಜಮಾನರು ಹದಿನೇಳು ವರ್ಷಗಳಿಂದ ಸೌದಿಯ ಜುಬೈಲ್‌ನಲ್ಲಿ ಎಲೆಕ್ಟ್ರಿಷಿಯನ್. ಮಗನನ್ನು ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಒಂದು ಇಂಜಿನಿಯರಿಂಗ್ ಕಾಲೇಜಿಗೆ ಸೇರಿಸುವುದೆಂದಾಯಿತು. ಮಗಳು ಎಂಟನೇ ತರಗತಿ. ಬಾಡಿಗೆಗೆ ಕೊಡುವ ಬದಲು ಕೂಡಿಟ್ಟ ಹಣದಲ್ಲಿ ಒಂದು ಮನೆಯನ್ನೇ ಕೊಳ್ಳೋಣ ಎಂದು ಅವರು ತೀರ್ಮಾನಿಸಿದರು. ಜುಬೈಲ್‌ನಲ್ಲಿ ಜೊತೆಗಿದ್ದವರೊಬ್ಬರು ಬೆಂಗಳೂರಿನ ಉತ್ತರಕ್ಕೆ, ಥಣಿಸಂದ್ರದ ಆಚೆ ಮನೆ ಕೊಂಡಿದ್ದರು. "ಸುತ್ತಲೂ ನಮ್ಮವರೇ, ಮಸೀದಿ ಎರಡು ಹೆಜ್ಜೆ" ಎಂದು ಹೇಳಿದ್ದರು. ದಲ್ಲಾಳಿ ಮೊಬೈಲ್‌ನಲ್ಲಿ ವಿಡಿಯೋ ಕಳಿಸಿದ. ಹೊಳೆಯುವ ಟೈಲ್ಸ್, ಗಾಜಿನ ಬಾಗಿಲಿನ ಬೀರು, ಎರಡು ಬಾತ್‌ರೂಮ್. ಐದು ಲಕ್ಷ ಮುಂಗಡ ಕೊಡುವುದೊಂದೇ ಬಾಕಿ.

"ಆಪಾ, ನಾನು ಒಂದು ಸಲ ನೋಡಬೇಕು" ಎಂದಳು ತಂಗಿ. ಅವಳ ಬಾಯಿಂದ ಆ ಮಾತು ಬರಲು ಎರಡು ವಾರ ಹಿಡಿದಿತ್ತು.

ಅದು 2024ರ ಏಪ್ರಿಲ್. ಈದ್ ಕಳೆದ ಮರುವಾರ. ನನಗೆ ಶಾಲೆಗೂ ಮದ್ರಸಕ್ಕೂ ರಜೆ. ನಾವಿಬ್ಬರೂ ಸುಬುಹ್ ಮುಗಿಸಿ ಹೊರಟೆವು. ನಮ್ಮ ಹುಣಸೂರಿನ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 275 ಬಂಟ್ವಾಳದಿಂದ ಹೊರಟು ಮಡಿಕೇರಿ, ಮೈಸೂರು ದಾಟಿ ಬೆಂಗಳೂರು ಸೇರುತ್ತದೆ. ಬಸ್ಸು ಬಿಡದಿ ಕಳೆದು ಕೆಂಗೇರಿ ದಾಟುವಾಗ ನಾವಿಬ್ಬರೂ ತೂಕಡಿಸುತ್ತಿದ್ದೆವು. ಕೊನೆಗೆ ಮನೆ ಸಿಗಲಿದ್ದ ಊರನ್ನು ಕಣ್ಣು ಮುಚ್ಚಿಕೊಂಡೇ ದಾಟಿದ್ದೆವು ಎಂಬುದು ಆಗ ಗೊತ್ತಿರಲಿಲ್ಲ.

ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿದು, ಮೆಜೆಸ್ಟಿಕ್‌ಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಕೊನೆಗೆ ಆಟೋದಲ್ಲಿ ಮನೆ ಮುಟ್ಟುವಾಗ ಲುಹರ್ ಆಗಿತ್ತು. ಬೆಂಗಳೂರು ಸೇರಿದ ಮೇಲೆಯೇ ಎರಡು ಗಂಟೆಗಿಂತ ಹೆಚ್ಚು ಕಳೆದಿತ್ತು. ತಂಗಿ ಬೆರಳು ಮಡಚಿ ಲೆಕ್ಕ ಹಾಕಿದಳು. "ಮಗ ದಿನಾ ಇಷ್ಟು ದೂರ ಹೋಗಿ ಬರಬೇಕಲ್ಲ ಆಪಾ?" ವಿಡಿಯೋದಲ್ಲಿ ದೂರ ಕಾಣುವುದಿಲ್ಲ.

ಮನೆ ಚೆನ್ನಾಗಿಯೇ ಇತ್ತು. ಸುಳ್ಳು ಹೇಳಬಾರದು. ಮಸೀದಿ ಹತ್ತಿರವಿತ್ತು, ಬೀದಿಯ ಹೆಂಗಸರು ಸಲಾಂ ಹೇಳಿ ಮಾತಾಡಿಸಿದರು. ತಂಗಿಯ ಮುಖ ಅರಳಿತು. ಆದರೆ ಬೀದಿಯಲ್ಲಿ ಒಂದರ ಹಿಂದೆ ಒಂದು ನೀರಿನ ಟ್ಯಾಂಕರ್ ನಿಂತಿದ್ದವು. ಆ ಬೇಸಿಗೆಯಲ್ಲಿ ಬೆಂಗಳೂರಿನ ಹೊರವಲಯದ ಬೋರ್‌ವೆಲ್‌ಗಳು ಬತ್ತಿಹೋಗಿದ್ದವು. ನಾನು ಅಡುಗೆಮನೆಯ ನಲ್ಲಿ ತಿರುಗಿಸಿದೆ. ಗಾಳಿ ಬಂತು. ದಲ್ಲಾಳಿ ನಕ್ಕು "ಕಾವೇರಿ ಬರುತ್ತೆ ಮೇಡಂ" ಎಂದ.

ಇಲ್ಲಿ ಒಂದು ವಿಷಯ ನೀವು ತಿಳಿದಿರಬೇಕು. 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಗೆ ಏಳು ನಗರಸಭೆ, ಕೆಂಗೇರಿ ಪುರಸಭೆ ಹಾಗೂ 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಾಡಿದರು. ಹೆಸರು ಒಂದೇ ದಿನದಲ್ಲಿ ನಗರವಾಯಿತು, ಕೊಳವೆ ಮತ್ತು ಚರಂಡಿ ಆಗಲಿಲ್ಲ. ಆ ಹಳ್ಳಿಗಳಿಗೆಂದೇ ಮಾಡಿದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ನೂರು ಕಿಲೋಮೀಟರ್ ಆಚೆಯಿಂದ ಮೇಲಕ್ಕೆತ್ತಿ ತರುವ ಯೋಜನೆ ಅದು. ಆದರೂ ದೊಡ್ಡ ಕೊಳವೆ ಬಡಾವಣೆಗೆ ಬರುವುದು ಬೇರೆ, ನಿಮ್ಮ ನಲ್ಲಿಗೆ ಬರುವುದು ಬೇರೆ. ಮನೆಗೆ ಸಂಪರ್ಕ ಇದೆಯೇ, ಹಿಂದಿನ ತಿಂಗಳ ನೀರಿನ ಬಿಲ್ಲು ತೋರಿಸಿ ಎಂದು ಕೇಳಿ. ಬರಲಿರುವ ನೀರು, ಬರಲಿರುವ ಮೆಟ್ರೋ, ಬರಲಿರುವ ರಸ್ತೆ ಇವುಗಳಿಗೆ ಇಂದು ಹಣ ಕೊಡಬೇಡಿ.

ಮುಂಗಡ ಕೊಡದೆ ಊರಿಗೆ ಬಂದೆವು. ಮಾಲೀಕರಿಂದ ದಿನಾ ಫೋನು. "ಇವತ್ತು ಕೊಡದಿದ್ದರೆ ಬೇರೆಯವರಿಗೆ ಹೋಗುತ್ತೆ." ಜುಬೈಲ್‌ನಿಂದಲೂ ಅದೇ ಅವಸರ. ತಂಗಿ ಹೇಗೋ ದಿನ ದೂಡಿದಳು. ಅಷ್ಟರಲ್ಲಿ ಮಳೆ ಬಂತು. 2024ರ ಜೂನ್ 2, ಭಾನುವಾರ, ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ದಾಖಲೆ ಮುರಿದ ಮಳೆ ಅದು. ಮುಂದಿನ ಶನಿವಾರ ನಾವಿಬ್ಬರೂ ಮತ್ತೆ ಬಸ್ಸು ಹತ್ತಿದೆವು. ಈ ಸಲ ದಲ್ಲಾಳಿಗೆ ಹೇಳಲಿಲ್ಲ.

ಮನೆಯ ಕಾಂಪೌಂಡ್ ಗೋಡೆಯ ಮೇಲೆ ನನ್ನ ಮೊಣಕಾಲಿನ ಎತ್ತರಕ್ಕೆ ಕೆಸರಿನ ಗೆರೆ ಇತ್ತು. ಎದುರು ಮನೆಯ ಅಮ್ಮ ಹಾಸಿಗೆಗಳನ್ನು ಬಿಸಿಲಿಗೆ ಹಾಕುತ್ತಿದ್ದರು. ಅವರೇ ನಮ್ಮನ್ನು ಮನೆಯ ಹಿಂಭಾಗಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ನಾವು ಏಪ್ರಿಲ್‌ನಲ್ಲಿ ಒಣ ಹಳ್ಳ ಎಂದುಕೊಂಡಿದ್ದದ್ದು ರಾಜಕಾಲುವೆ. ಬೆಂಗಳೂರು ಎತ್ತರದ ಊರು, ಅಲ್ಲಿ ನೀರು ನಿಲ್ಲುವುದಿಲ್ಲ ಎಂದು ನಾವೆಲ್ಲ ನಂಬಿದ್ದೇವೆ. ಹಿಂದಿನವರು ಕೆರೆಯಿಂದ ಕೆರೆಗೆ ನೀರು ಹರಿಯಲು ಮಾಡಿದ್ದ ಕಾಲುವೆಗಳ ಅಂಚಿಗೇ ಮನೆ ಕಟ್ಟಿದರೆ ನೀರು ತನ್ನ ಹಳೆಯ ದಾರಿಯನ್ನೇ ಹುಡುಕುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆಯ ಕಡೆ ಕೋಟಿ ಕೋಟಿ ಬೆಲೆಯ ಮನೆಗಳವರನ್ನೂ ದೋಣಿ, ಟ್ರಾಕ್ಟರ್‌ಗಳಲ್ಲಿ ಸಾಗಿಸಿದ್ದು ನಿಮಗೆ ನೆನಪಿರಬಹುದು.

ಕಾಗದಪತ್ರವನ್ನು ವಕೀಲರೊಬ್ಬರಿಗೆ ತೋರಿಸಿದೆವು. ಕೃಷಿ ಭೂಮಿಯನ್ನು ಪರಿವರ್ತನೆ ಮಾಡಿಸದೆ ಸೈಟು ಮಾಡಿ ಮಾರಿದ್ದರು, ಖಾತೆ 'ಬಿ'. ಅಂದರೆ ತೆರಿಗೆ ವಸೂಲಿಗಾಗಿ ಪ್ರತ್ಯೇಕ ಪುಸ್ತಕದಲ್ಲಿ ಬರೆದುಕೊಂಡ ಆಸ್ತಿ. ವಕೀಲರು ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ನಿಂತಿತು. "ಸಾಲ ತೆಗೆಯುವವರ ಪತ್ರಗಳನ್ನು ಬ್ಯಾಂಕಿನವರು ತಮ್ಮ ಹಣದ ಭಯಕ್ಕಾದರೂ ಪರೀಕ್ಷಿಸುತ್ತಾರೆ. ನೀವು ಬಡ್ಡಿ ಬೇಡವೆಂದು ಪೂರ್ತಿ ಹಣ ಕೊಟ್ಟು ಕೊಳ್ಳುವವರು. ನಿಮ್ಮ ಪತ್ರ ನೋಡುವವರು ಯಾರು?" ಸಹೋದರಿಯರೇ, ಬಡ್ಡಿಯಿಂದ ದೂರವಿರಬೇಕೆನ್ನುವ ಮನೆಗಳು ಇದನ್ನು ಗಮನಿಸಬೇಕು. ಮಾರಾಟಗಾರನ ಪರಿಚಯದವರಲ್ಲದ ಒಬ್ಬ ವಕೀಲರಿಗೆ ಶುಲ್ಕ ಕೊಟ್ಟು ಮೂಲಪತ್ರ, ಮೂವತ್ತು ವರ್ಷದ ಋಣಭಾರ ಪತ್ರ, ಭೂ ಪರಿವರ್ತನೆ ಆದೇಶ, ಮಂಜೂರಾದ ನಕ್ಷೆ, ಖಾತೆ ಎಲ್ಲವನ್ನೂ ಓದಿಸಿ. ಆ ಶುಲ್ಕ ದಂಡವಲ್ಲ.

ಆ ರಾತ್ರಿ ತಂಗಿ ಜುಬೈಲ್‌ಗೆ ಫೋನು ಮಾಡಿದಳು. ನಾನು ಪಕ್ಕದಲ್ಲೇ ಕುಳಿತಿದ್ದೆ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವಳು ಯಜಮಾನರಿಗೆ "ಬೇಡ" ಎಂದದ್ದನ್ನು ನಾನು ಕೇಳಿರಲಿಲ್ಲ. "ರೀ, ನೀವು ಎರಡು ವರ್ಷಕ್ಕೆ ಒಮ್ಮೆ ಬರುವವರು. ರಾತ್ರಿ ನೀರು ನುಗ್ಗಿದರೆ ಅತ್ತೆಯನ್ನು ಎತ್ತಿಕೊಂಡು ಮಹಡಿ ಹತ್ತಬೇಕಾದವಳು ನಾನು. ಈ ಮನೆ ಬೇಡ." ಆ ಕಡೆ ಬಹಳ ಹೊತ್ತು ಮಾತಿಲ್ಲ. ನಂತರ ಅವರು ಹೇಳಿದ್ದಿಷ್ಟೆ. "ಹಾಗಾದರೆ ನೀನೇ ಹುಡುಕು. ನಿನಗೆ ಒಪ್ಪಿಗೆಯಾದರೆ ನನಗೂ ಒಪ್ಪಿಗೆ."

ಆ ಮೇಲಿನ ತಿಂಗಳುಗಳಲ್ಲಿ ನಾವು ಹುಡುಕಾಟವನ್ನು ಮಗನ ಕಾಲೇಜಿನಿಂದ ಶುರು ಮಾಡಿದೆವು. ಮಗ ಅಷ್ಟರಲ್ಲಿ ಹಾಸ್ಟೆಲ್ ಸೇರಿದ್ದ. ಮೈಸೂರು ರಸ್ತೆಯ ಉದ್ದಕ್ಕೂ ಮೆಟ್ರೋ ಇದೆ. 2021ರ ಆಗಸ್ಟ್‌ನಲ್ಲಿ ಕೆಂಗೇರಿಯವರೆಗೆ, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದವರೆಗೆ ಬಂದಿತ್ತು. ಓಡುತ್ತಿರುವ ರೈಲು, ಬರಲಿರುವ ರೈಲಲ್ಲ. ಹಾಗೆ ತಲುಪಿದ್ದು ಕೆಂಗೇರಿ ಉಪನಗರ. ಅಗಲವಾದ ರಸ್ತೆಗಳು, ಮರಗಳು, ಅಲ್ಲಲ್ಲಿ ಪಾರ್ಕು. ಊರ ಕಡೆಗೆ ಹೋಗಲು ಬಸ್ಸಿಗೂ ರೈಲಿಗೂ ಹತ್ತಿರ.

ಆದರೆ ಇಲ್ಲಿ ಬೇರೆಯೇ ಪರೀಕ್ಷೆ ಕಾದಿತ್ತು. ಒಂದು ಕಟ್ಟಡದಲ್ಲಿ ಫ್ಲ್ಯಾಟ್ ಎಲ್ಲ ತೋರಿಸಿ, ಬೆಲೆಯನ್ನೂ ಹೇಳಿದ ಮೇಲೆ ಮಾಲೀಕರು ನಮ್ಮ ಹೆಸರು ಕೇಳಿದರು. ಮರುದಿನ "ಮಾರಿಬಿಟ್ಟೆವು" ಎಂದರು. ಆ ಫ್ಲ್ಯಾಟಿನ ಗೇಟಿಗೆ 'ಮಾರಾಟಕ್ಕಿದೆ' ಎಂಬ ಬೋರ್ಡು ತಿಂಗಳಾದರೂ ಹಾಗೇ ಇತ್ತು. ತಂಗಿ ಅಂದು ಬಸ್ಸಿನಲ್ಲಿ ಅತ್ತಳು. "ನಮ್ಮವರ ನಡುವೆಯೇ ಹೋಗಿ ಇರೋಣ ಆಪಾ, ನೀರು ನುಗ್ಗಿದರೂ ಮರ್ಯಾದೆಯಾದರೂ ಇರುತ್ತದೆ" ಎಂದಳು. ಅವಳಿಗೆ ಉತ್ತರ ಕೊಡಲು ನನಗೆ ಆಗಲಿಲ್ಲ. ನಮ್ಮವರು ನಗರದ ಕೆಲವೇ ಮೂಲೆಗಳಲ್ಲಿ ಒತ್ತೊತ್ತಾಗಿ ಬದುಕುವುದಕ್ಕೆ ಇಂಥ ಬೋರ್ಡುಗಳೂ ಕಾರಣವಲ್ಲವೇ?

ಮದ್ರಸದಲ್ಲಿ ನನಗೆ ಪಾಠ ಹೇಳಿದ ಉಸ್ತಾದರು ಒಂದು ಅರಬಿ ಗಾದೆ ಹೇಳುತ್ತಿದ್ದರು: ಮನೆಗಿಂತ ಮೊದಲು ನೆರೆಯವನನ್ನು ನೋಡು. ನೆರೆಯವರ ವಿಷಯದಲ್ಲಿ ಜಿಬ್ರೀಲ್(ಅ) ಎಷ್ಟು ಒತ್ತಿ ಹೇಳಿದರೆಂದರೆ, ಅವರನ್ನು ಆಸ್ತಿಗೂ ವಾರಸುದಾರರನ್ನಾಗಿ ಮಾಡುವರೇನೋ ಎಂದು ಪ್ರವಾದಿ(ಸ)ಯವರಿಗೆ ಅನಿಸಿತಂತೆ. ಇದೇ ಹದೀಸನ್ನು ನೆನಪಿಸಿಕೊಂಡು ಅಬ್ದುಲ್ಲಾ ಬಿನ್ ಅಮ್ರ್(ರ) ತಮ್ಮ ಮನೆಯಲ್ಲಿ ಆಡು ಕೊಯ್ದಾಗ ನೆರೆಮನೆಯ ಯಹೂದಿಗೆ ಮಾಂಸ ಕಳಿಸಿದಿರಾ ಎಂದು ವಿಚಾರಿಸಿದ್ದರು. ನೆರೆ ಎಂಬ ಮಾತಿಗೆ ಅವರು ಜಾತಿ ಧರ್ಮದ ಬೇಲಿ ಹಾಕಿರಲಿಲ್ಲ. ತಂಗಿಗೆ ಅದನ್ನೇ ಹೇಳಿದೆ. ಇನ್ನೊಂದು ಸಲ ನೋಡೋಣ ಎಂದೆ.

ಆ ಇನ್ನೊಂದು ಸಲ ನಾವು ಮೊದಲು ಮನೆಯನ್ನು ನೋಡಲೇ ಇಲ್ಲ, ಬೀದಿಯನ್ನು ನೋಡಿದೆವು. ಬೆಳಿಗ್ಗೆ ಮಕ್ಕಳು ಶಾಲೆಗೆ ಹೊರಡುವ ಹೊತ್ತು ಒಮ್ಮೆ, ಮಗ್ರಿಬ್ ಆದ ಮೇಲೆ ಒಮ್ಮೆ. ದೀಪ ಉರಿಯುತ್ತವೆಯೇ, ಹುಡುಗಿಯರು ಒಬ್ಬರೇ ನಡೆದು ಬರುತ್ತಾರೆಯೇ, ಔಷಧಿ ಅಂಗಡಿ ಎಷ್ಟು ದೂರ? ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಕೊಳ್ಳುತ್ತಾ ನೀರಿನ ಬಗ್ಗೆ ಕೇಳಿದೆವು. ಮೈಸೂರು ರಸ್ತೆಯ ಪಕ್ಕ ಹರಿಯುವ ವೃಷಭಾವತಿ ಈಗ ನಗರದ ಕೊಳಚೆ ಹೊತ್ತ ಹೊಳೆ. ಅದರ ವಾಸನೆ ಎಲ್ಲಿಯವರೆಗೆ ಬರುತ್ತದೆ ಎಂದು ಮೂಗನ್ನೇ ಮುಂದಿಟ್ಟುಕೊಂಡು ನಡೆದೆವು.

ಹಾಗೆ ನಡೆಯುತ್ತಿರುವಾಗ ಗೇಟಿನಲ್ಲಿ ಸೊಪ್ಪು ಬಿಡಿಸುತ್ತಿದ್ದ ಒಬ್ಬ ಅಜ್ಜಿ "ಯಾವೂರವ್ವಾ?" ಎಂದರು. ಹುಣಸೂರು ಎಂದೆವು. "ಅಯ್ಯೋ, ನಮ್ಮದು ಪಿರಿಯಾಪಟ್ಟಣ, ಬನ್ನಿ ಕೂತ್ಕೊಳ್ಳಿ!" ಕಾವೇರಿ ನೀರು ಯಾವ ದಿನ ಬರುತ್ತದೆ, ಯಾವ ಕಟ್ಟಡದ ಲಿಫ್ಟ್ ಕೆಡುತ್ತದೆ, ಯಾವ ಶಾಲೆಯಲ್ಲಿ ಹೆಣ್ಣುಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಅರ್ಧ ಗಂಟೆಯಲ್ಲಿ ಎಲ್ಲ ಹೇಳಿದರು. ಮೇಲಿನ ಮಹಡಿಯ ಹನ್ನೆರಡು ವರ್ಷ ಹಳೆಯ ಫ್ಲ್ಯಾಟ್ ಮಾರಾಟಕ್ಕಿದೆ ಎಂದು ಹೇಳಿದವರೂ ಅವರೇ. ಟೈಲ್ಸ್ ಹೊಳೆಯುತ್ತಿರಲಿಲ್ಲ. ತಂಗಿ ನೇರ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು.

2025ರ ಜನವರಿಯಲ್ಲಿ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ನೋಂದಣಿಯಾಯಿತು. ಅಷ್ಟರಲ್ಲಿ ಬೆಂಗಳೂರಿನಲ್ಲಿ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿತ್ತು. ನೀವು ಕೊಳ್ಳುವಾಗ ಇನ್ನೊಂದು ಲೆಕ್ಕವನ್ನೂ ಇಟ್ಟುಕೊಳ್ಳಿ. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇಕಡಾ 1ರಿಂದ 2ಕ್ಕೆ ಏರಿದೆ. ಸ್ಟಾಂಪ್ ಶುಲ್ಕ ಅದರ ಮೇಲೆ ಬೇರೆ.

ಎಲ್ಲವೂ ಸುಖವಾಗಿದೆ ಎಂದು ಹೇಳಿದರೆ ನೀವು ನಂಬಬಾರದು. ತಂಗಿಯ ಮನೆಗೆ ಅಝಾನ್ ಕೇಳಿಸುವುದಿಲ್ಲ. ಮೊದಲ ರಮಝಾನ್‌ನಲ್ಲಿ ಸಹರಿಗೆ ಎಬ್ಬಿಸುವವರಿಲ್ಲದೆ ಮೊಬೈಲ್ ಅಲಾರಂ ಇಟ್ಟುಕೊಂಡು ಅವಳು ಊರನ್ನು ನೆನೆದು ಅತ್ತಳು. ಗಾಳಿ ಈ ಕಡೆ ಬೀಸಿದ ಸಂಜೆ ಕಿಟಕಿ ಮುಚ್ಚಬೇಕಾಗುತ್ತದೆ. ಥಣಿಸಂದ್ರದ ಆ ಬೀದಿಯ ಹೆಂಗಸರ ಸಲಾಂ ಇಲ್ಲಿ ಇಲ್ಲ. ಅದನ್ನು ಅವಳು ಈಗಲೂ ಹೇಳುತ್ತಾಳೆ.

ಆದರೆ ಕಳೆದ ಮಳೆಗಾಲದ ಒಂದು ರಾತ್ರಿ ಅವಳ ಅತ್ತೆಗೆ ಎದೆನೋವು ಬಂತು. ಮಗ ಊರಿನಲ್ಲಿದ್ದ. ಬಾಗಿಲು ತೆರೆದ ಸದ್ದಿಗೆ ಕೆಳಮನೆಯ ಅಜ್ಜಿ ಎದ್ದು, ತಮ್ಮ ಮಗನನ್ನು ಎಬ್ಬಿಸಿ ಕಾರು ತೆಗೆಸಿದರು. ತಂಗಿ ಆಸ್ಪತ್ರೆಯಿಂದ ಬರುವ ತನಕ ಹುಡುಗಿಯನ್ನು ತಮ್ಮ ಪಕ್ಕದಲ್ಲೇ ಮಲಗಿಸಿಕೊಂಡಿದ್ದರು. ಅಲ್‌ಹಮ್ದುಲಿಲ್ಲಾಹ್, ಅತ್ತೆ ಈಗ ಚೆನ್ನಾಗಿದ್ದಾರೆ. ಆ ದಿನ ಜುಬೈಲ್‌ನಿಂದ ಫೋನು ಮಾಡಿದ ತಂಗಿಯ ಯಜಮಾನರು ಮೊದಲು ಕೇಳಿದ್ದು ಅಜ್ಜಿಯ ಜೊತೆ ಮಾತಾಡಬೇಕು ಎಂದು.

ನಿಮ್ಮ ಮನೆಯಲ್ಲೂ ಮನೆ ಕೊಳ್ಳುವ ಮಾತು ನಡೆಯುತ್ತಿದ್ದರೆ, ವಿಡಿಯೋ ನೋಡಿ ಸುಮ್ಮನಾಗಬೇಡಿ. ಒಂದು ಬೇಸಿಗೆಯಲ್ಲಿ, ಒಂದು ಮಳೆಯಲ್ಲಿ ಹೋಗಿ ಬನ್ನಿ. ನಲ್ಲಿ ತಿರುಗಿಸಿ, ಗೋಡೆಯ ಗೆರೆ ನೋಡಿ. ಆಮೇಲೆ ಗೇಟಿನಲ್ಲಿ ಸೊಪ್ಪು ಬಿಡಿಸುವವರು ಯಾರಾದರೂ ಇದ್ದರೆ, ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತು ಬನ್ನಿ.