ಕ್ವೀನ್ಸ್‌ಬ್ರಿಜ್‌ನ ನಲವತ್ತು ನಿಮಿಷ

ಸಬ್‌ವೇ ರೈಲು ಈಸ್ಟ್ ರಿವರ್‌ನ ಅಡಿಯಲ್ಲಿ ಓಡುತ್ತಿದೆ. ಮ್ಯಾನ್‌ಹಟನ್ ಹಿಂದೆ ಉಳಿಯಿತು, ರೂಸ್‌ವೆಲ್ಟ್ ಐಲೆಂಡ್ ನಿಲ್ದಾಣವೂ ಕಳೆಯಿತು. ಮುಂದಿನದು 21ನೇ ಬೀದಿ, ಕ್ವೀನ್ಸ್‌ಬ್ರಿಜ್. ಹೆಡ್‌ಫೋನ್ ಹಾಕಿಕೊಳ್ಳಲು ಇದೇ ಸರಿಯಾದ ಹೊತ್ತು. ಅಲ್ಲೇ ಬೆಳೆದ ರ‍್ಯಾಪರ್ ನಾಸ್‌ನ ‘ಇಲ್‌ಮ್ಯಾಟಿಕ್’ ಆಲ್ಬಮ್ ಶುರುವಾಗುವುದೂ ರೈಲಿನ ಸದ್ದಿನಿಂದಲೇ. ಗಡಗಡ ಎನ್ನುತ್ತಿರುವುದು ನೀವು ಕೂತ ಬೋಗಿಯೋ, ಹೆಡ್‌ಫೋನಿನೊಳಗಿನ ಬೋಗಿಯೋ, ಒಂದು ಗಳಿಗೆ ಗೊತ್ತಾಗುವುದಿಲ್ಲ. ಆ ಸದ್ದಿನೊಳಗಿಂದ 1983ರ ‘ವೈಲ್ಡ್ ಸ್ಟೈಲ್’ ಸಿನಿಮಾದ ಮಾತು ಕೇಳುತ್ತದೆ. ಹಿಪ್-ಹಾಪ್ ಬೀದಿಯಲ್ಲಿ ಬೆಳೆಯುತ್ತಿದ್ದಾಗಲೇ ಅದನ್ನು ಹಿಡಿದಿಟ್ಟ ಸಿನಿಮಾ ಅದು. ಅದರಡಿಯಲ್ಲಿ ಇನ್ನೊಂದು ದನಿ, ಹದಿಹರೆಯದ ಹುಡುಗನೊಬ್ಬನದು. 1991ರಲ್ಲಿ ಮೇನ್ ಸೋರ್ಸ್ ತಂಡದ ಹಾಡಿನಲ್ಲಿ ಸಿಕ್ಕ ಒಂದು ತುಣುಕು ಜಾಗದಲ್ಲಿ ನಾಸ್ ಮೊದಲ ಬಾರಿಗೆ ಬಾಯಿಬಿಟ್ಟದ್ದು ಹೀಗೆ.

ಮೆಟ್ಟಿಲು ಹತ್ತಿ ಹೊರಬನ್ನಿ. ಪಶ್ಚಿಮಕ್ಕೆ, ಹೊಳೆಯ ಕಡೆಗೆ, ಒಂದೇ ಅಚ್ಚಿನ ಇಟ್ಟಿಗೆ ಕಟ್ಟಡಗಳು ಸಾಲುಗಟ್ಟಿವೆ. ಎಲ್ಲವೂ ಆರು ಮಹಡಿ. ಒಟ್ಟು 96 ಕಟ್ಟಡ, ಮೂರು ಸಾವಿರಕ್ಕೂ ಹೆಚ್ಚು ಮನೆ. ಅಮೆರಿಕದ ಅತಿ ದೊಡ್ಡ ಸರ್ಕಾರಿ ವಸತಿ ಸಮುಚ್ಚಯ ಇದು. 1939ರ ಹೊತ್ತಿಗೆ ಇಲ್ಲಿ ಜನ ಬರತೊಡಗಿದಾಗ ಖರ್ಚು ಉಳಿಸಲೆಂದು ಲಿಫ್ಟುಗಳನ್ನು ಒಂದು, ಮೂರು, ಐದನೇ ಮಹಡಿಗಳಲ್ಲಿ ಮಾತ್ರ ನಿಲ್ಲುವಂತೆ ಮಾಡಿದ್ದರು. ಆರನೇ ಮಹಡಿಯವರು ಮೂಟೆ ಹೊತ್ತು ಒಂದು ಮಹಡಿ ಹತ್ತಬೇಕಿತ್ತು. ಎಡಕ್ಕೆ ನೋಡಿದರೆ 1909ರ ಕ್ವೀನ್ಸ್‌ಬರೊ ಸೇತುವೆ, ಬಲಕ್ಕೆ ರೇವನ್ಸ್‌ವುಡ್ ವಿದ್ಯುತ್ ಸ್ಥಾವರದ ಕೆಂಪು-ಬಿಳಿ ಪಟ್ಟೆಯ ಚಿಮಣಿಗಳು, ಎದುರಿಗೆ ಹೊಳೆಯಾಚೆ ಮ್ಯಾನ್‌ಹಟನ್‌ನ ಗಾಜಿನ ಗೋಪುರಗಳು. ಇಡೀ ಆಲ್ಬಮ್ ಇಷ್ಟು ಜಾಗದೊಳಗೇ ನಡೆಯುತ್ತದೆ. ಅದರ ಆಯಸ್ಸಿನ ಗುಟ್ಟೂ ಇಲ್ಲೇ ಇದೆ ಎಂದು ನಾನು ನಂಬುತ್ತೇನೆ. ತನ್ನ ಕಿಟಕಿಯಿಂದ ಕಾಣದ್ದನ್ನು ಈ ಹುಡುಗ ಹೇಳಲು ಹೋಗಲಿಲ್ಲ. ಕಂಡದ್ದನ್ನು ಮಾತ್ರ, ಹತ್ತೇ ಟ್ರ್ಯಾಕಿನಲ್ಲಿ, ನಲವತ್ತು ನಿಮಿಷದೊಳಗೆ ಹೇಳಿ ಮುಗಿಸಿದ.

ಎರಡನೆಯ ಟ್ರ್ಯಾಕು, ‘ಎನ್.ವೈ. ಸ್ಟೇಟ್ ಆಫ್ ಮೈಂಡ್’. ಅದು ಕೇಳಿಸುತ್ತಲೇ ನೀವು ಮತ್ತೆ ಹೊಳೆ ದಾಟಿ ಮ್ಯಾನ್‌ಹಟನ್‌ನ ಪಶ್ಚಿಮ 37ನೇ ಬೀದಿಯ ಡಿ ಆ್ಯಂಡ್ ಡಿ ಸ್ಟುಡಿಯೊದಲ್ಲಿದ್ದೀರಿ. ಡಿಜೆ ಪ್ರೀಮಿಯರ್ ಗ್ರಾಮಫೋನ್ ತಟ್ಟೆಗಳ ರಾಶಿ ಮುಂದಿಟ್ಟುಕೊಂಡು ಕೂತಿದ್ದಾನೆ. ಜಾಝ್ ಡ್ರಮ್ಮರ್ ಜೋ ಚೇಂಬರ್ಸ್‌ನ ‘ಮೈಂಡ್ ರೇನ್’ನಿಂದ ಪಿಯಾನೊದ ಕೆಲವೇ ಸ್ವರ ಕತ್ತರಿಸಿ ಸ್ಯಾಂಪ್ಲರ್‌ಗೆ ಹಾಕಿದ್ದಾನೆ. ಕೆಳಸ್ಥಾಯಿಯ ಆ ಸ್ವರಗಳು ಹೋಗಿ ಹೋಗಿ ಮತ್ತೆ ಅಲ್ಲಿಗೇ ಬರುತ್ತವೆ. ಗಾಜಿನಾಚೆ ಇಪ್ಪತ್ತರ ಆಸುಪಾಸಿನ ನಾಸಿರ್ ಜೋನ್ಸ್, ಅಂದರೆ ನಾಸ್, ಆಗಷ್ಟೇ ಬರೆದು ಮುಗಿಸಿದ ಸಾಲುಗಳ ಜೊತೆ ನಿಂತಿದ್ದಾನೆ. ಬೀಟು ಬಂದೇಬಿಟ್ಟಿತು. ಹೇಗೆ ಶುರು ಮಾಡುವುದೋ ಗೊತ್ತಿಲ್ಲ ಎಂದು ಅವನು ಗೊಣಗುವುದು ಧ್ವನಿಮುದ್ರಣದಲ್ಲೇ ಇದೆ, ಯಾರೂ ಅದನ್ನು ಅಳಿಸಲಿಲ್ಲ. ಪ್ರೀಮಿಯರ್ ಗಾಜಿನ ಈಚೆಯಿಂದ ಕೈಸನ್ನೆಯಲ್ಲಿ ಎಣಿಸುತ್ತಾನೆ. ಹುಡುಗ ಧುಮುಕುತ್ತಾನೆ. ಆಮೇಲೆ ಉಸಿರಿಗೂ ಬಿಡುವಿಲ್ಲ. ಆ ಮೊದಲ ಚರಣ ಒಂದೇ ಸಲಕ್ಕೆ ಆಯಿತು ಎಂದು ಪ್ರೀಮಿಯರ್ ಆಮೇಲೆ ಎಷ್ಟೋ ಬಾರಿ ನೆನೆದಿದ್ದಾನೆ.

ಇಂಗ್ಲಿಷ್ ಪೂರ್ತಿ ಹಿಡಿಯದಿದ್ದರೂ ಇಲ್ಲಿ ಒಂದು ನಿಮಿಷ ಕಿವಿಯನ್ನಷ್ಟೇ ಕೊಡಿ. ಎರಡನೆಯ ಅಕ್ಷರದಲ್ಲಿ ಪ್ರಾಸ ಹುಡುಕುವ ಹಳಗನ್ನಡದ ಪದ್ಯ ಕೇಳಿ ಬೆಳೆದ ಕಿವಿಗೆ, ತ್ರಿಪದಿಯ ಒಳಪ್ರಾಸ ಗೊತ್ತಿರುವ ಕಿವಿಗೆ ಈ ಹುಡುಗ ಮಾಡುತ್ತಿರುವುದು ಬೇಗ ಸಿಗುತ್ತದೆ. ಮೊದಮೊದಲ ರ‍್ಯಾಪ್ ಸಾಲಿನ ಕೊನೆಯ ಪ್ರಾಸವನ್ನೇ ನೆಚ್ಚಿತ್ತು. 1987ರ ಹೊತ್ತಿಗೆ ರ‍್ಯಾಪರ್ ರಾಕಿಮ್ ಅದನ್ನು ಸಾಲಿನ ನಡುವಿಗೂ ತಂದ. ನಾಸ್ ಅಲ್ಲಿಂದ ಎತ್ತಿಕೊಂಡ. ಒಂದು ಸ್ವರದ ಉಲಿ ಸಾಲಿನ ಮಧ್ಯೆ ಹುಟ್ಟಿ, ಮುಂದಿನ ಸಾಲಿನ ಆರಂಭಕ್ಕೆ ಹಾರಿ, ಅದರ ಮುಂದಿನದರ ತುದಿಯಲ್ಲಿ ಮತ್ತೆ ತಲೆಯೆತ್ತುತ್ತದೆ. ತಾಳದ ಸಮಕ್ಕೆ ಕಾಯುವ ಜಾಯಮಾನವೂ ಅವನದಲ್ಲ. ಕೆಲವು ಸಾಲು ಸಮಕ್ಕಿಂತ ಮೊದಲೇ ಎತ್ತುಗಡೆ, ಕೆಲವು ಕೊಂಚ ತಡೆದು. ವಾಕ್ಯ ಒಂದು ಆವರ್ತದಲ್ಲಿ ಮುಗಿಯದೆ ಮುಂದಿನದಕ್ಕೆ ಹರಿದುಹೋಗುತ್ತದೆ. ಆದರೂ ಎಲ್ಲಿಯೂ ಕಸರತ್ತು ಎನಿಸುವುದಿಲ್ಲ. ಮೆಟ್ಟಿಲ ಮೇಲೆ ಕೂತ ಗೆಳೆಯನಿಗೆ ನಿನ್ನೆ ರಾತ್ರಿಯ ಸುದ್ದಿ ಹೇಳುತ್ತಿರುವ ದನಿ ಅದು.

ಆ ಸುದ್ದಿಯಲ್ಲಿ ಗುಂಡಿನ ಸದ್ದಿದೆ, ಓಟವಿದೆ, ಬಂದೂಕು ಕೈಕೊಡುವುದಿದೆ. ಇಲ್ಲಿಯ ರಾತ್ರಿಗಳು ಹಾಗೇ ಇದ್ದವು. ಎಂಬತ್ತರ ದಶಕದ ನಡುವಿನಲ್ಲಿ ಕ್ರ್ಯಾಕ್ ಕೊಕೇನ್ ಬಂದಿತ್ತು. 1990 ಒಂದೇ ವರ್ಷ ನ್ಯೂಯಾರ್ಕ್ ನಗರದಲ್ಲಿ 2,200ಕ್ಕೂ ಹೆಚ್ಚು ಕೊಲೆಗಳಾದವು. ನಾಸ್‌ನ ಮೇಲಿನ ಮಹಡಿಯಲ್ಲಿದ್ದ ಗೆಳೆಯ ವಿಲ್ಲಿ ಗ್ರಹಾಂ, ಎಲ್ಲರೂ ಇಲ್ ವಿಲ್ ಎನ್ನುತ್ತಿದ್ದವನು, 1992ರಲ್ಲಿ ಗುಂಡಿಗೆ ಬಲಿಯಾದ. ಅದೇ ರಾತ್ರಿ ನಾಸ್‌ನ ತಮ್ಮನಿಗೂ ಗುಂಡು ತಗುಲಿತು. ಇಬ್ಬರೂ ಗೆಳೆಯರು ಕೂಡಿ ತಟ್ಟೆ ಹಾಕಿ ಹಾಡು ಕಟ್ಟುತ್ತಿದ್ದವರು. ಆಲ್ಬಮ್ಮಿನ ಉದ್ದಕ್ಕೂ ಸತ್ತವನ ಹೆಸರು ಆಗಾಗ ನುಸುಳುತ್ತದೆ.

ಹೆಜ್ಜೆ ಹಾಕುತ್ತಿರಿ, 41ನೇ ಅವೆನ್ಯೂ ಹಿಡಿದು ಹೊಳೆಯತ್ತ. ಮೂರನೆಯ ಟ್ರ್ಯಾಕ್ ‘ಲೈಫ್ಸ್ ಎ ಬಿಚ್’. ಈ ಆಲ್ಬಮ್ಮಿನಲ್ಲಿ ಹೊರಗಿನವರ ಪೈಕಿ ಒಂದು ಪೂರ್ತಿ ಚರಣ ಸಿಕ್ಕಿದ್ದು ಬ್ರೂಕ್ಲಿನ್ನಿನ ರ‍್ಯಾಪರ್ ಎಝೀ ಒಬ್ಬನಿಗೇ. ಸಾವನ್ನು ಅಂಗೈಯಲ್ಲಿಟ್ಟುಕೊಂಡು ಅವನು ಮಾತಾಡುತ್ತಾನೆ. ನಾಸ್ ತಾನು ಇಪ್ಪತ್ತು ಮುಟ್ಟಿದ್ದೇ ಒಂದು ಭಾಗ್ಯ ಎನ್ನುತ್ತಾನೆ. ಅಷ್ಟರಲ್ಲಿ ಬೀಟು ಮುಗಿಯುವ ಕಡೆ ತುತ್ತೂರಿಯೊಂದು ಮೇಲೇಳುತ್ತದೆ. ನುಡಿಸುತ್ತಿರುವವನು ನಾಸ್‌ನ ಅಪ್ಪ, ಓಲು ದಾರಾ. ಮಿಸಿಸಿಪ್ಪಿಯ ನ್ಯಾಚೆಝ್‌ನಿಂದ ಬಂದ ಕಾರ್ನೆಟ್ ವಾದಕ, ಜಾಝ್ ಲೋಕದಲ್ಲಿ ಹೆಸರಿದ್ದವನು. ಹೆಂಡತಿಯಿಂದ ಬೇರೆಯಾಗಿ ಇಲ್ಲಿಯ ಮನೆಯಿಂದ ಹೊರಟುಹೋದವನು. ಅಂಚೆ ಇಲಾಖೆಯಲ್ಲಿ ದುಡಿದು ಇಬ್ಬರು ಗಂಡುಮಕ್ಕಳನ್ನು ಸಾಕಿದವಳು ಅಮ್ಮ. ಎಂಟನೇ ತರಗತಿಗೇ ಶಾಲೆ ಬಿಟ್ಟ ಮಗ, ತನ್ನ ಮೊದಲ ಆಲ್ಬಮ್ಮಿಗೆ ಅಪ್ಪನನ್ನು ಕರೆದ. ಅಪ್ಪ ಬಂದ. ಮಾತಿಲ್ಲದೆ ನುಡಿಸಿದ. ಆ ಸ್ವರಗಳು ಕರಗುವವರೆಗೂ ರಸ್ತೆ ದಾಟಬೇಡಿ.

ಒಂದು ಮಾತು ಇಲ್ಲೇ ಹೇಳಬೇಕು. ಇಷ್ಟು ಕಣ್ಣಿರುವ ಈ ಹುಡುಗನ ಲೋಕದಲ್ಲಿ ಹೆಣ್ಣೊಬ್ಬಳು ಪೂರ್ತಿ ಪಾತ್ರವಾಗಿ ಬರುವುದೇ ಇಲ್ಲ. ಈ ಕಟ್ಟಡಗಳ ಅಡುಗೆಮನೆಗಳನ್ನು ನಡೆಸಿದವರು, ಜೈಲಿಗೆ ಹೋದವರ ಮಕ್ಕಳನ್ನು ಬೆಳೆಸಿದವರು ಅಂಚಿನಲ್ಲಿ ಸುಳಿದು ಮಾಯವಾಗುತ್ತಾರೆ. ಈ ಆಲ್ಬಮ್ಮನ್ನು ಎಷ್ಟು ಪ್ರೀತಿಸಿದರೂ ಈ ಕೊರತೆ ನನ್ನನ್ನು ಕಾಡುತ್ತದೆ.

ಮುಂದಿನ ಹಾಡು ‘ದಿ ವರ್ಲ್ಡ್ ಈಸ್ ಯುವರ್ಸ್’ಗೆ ನಿರ್ಮಾಪಕ ಪೀಟ್ ರಾಕ್, ಜಾಝ್ ವಾದಕ ಅಹ್ಮದ್ ಜಮಾಲ್‌ನ 1970ರ ಪಿಯಾನೊ ತಂದಿದ್ದಾನೆ. ಪಲ್ಲವಿಯನ್ನೂ ಅವನೇ ಹಾಡುತ್ತಾನೆ. ಬೆಳಗಿನ ಬಿಸಿಲು ಇಟ್ಟಿಗೆಯ ಮೇಲೆ ಬಿದ್ದಂತಿದೆ ಆ ಪಿಯಾನೊ. ‘ಹಾಫ್‌ಟೈಮ್’ 1992ರಲ್ಲೇ ಸಿನಿಮಾವೊಂದರ ಧ್ವನಿಪಥದಲ್ಲಿ ಬಂದಿತ್ತು, ಲಾರ್ಜ್ ಪ್ರೊಫೆಸರ್ ಕಟ್ಟಿದ್ದು. ‘ಮೆಮೊರಿ ಲೇನ್’ನಲ್ಲಿ ಆರ್ಗನ್ ತೂಗುತ್ತದೆ. ಒಂದೇ ಆಲ್ಬಮ್ಮಿಗೆ ಇಷ್ಟು ಬೇರೆಬೇರೆ ನಿರ್ಮಾಪಕರು ಕೂಡುವುದು ಆಗ ರೂಢಿಯಲ್ಲಿರಲಿಲ್ಲ. ಹಾಗಿದ್ದೂ ಎಲ್ಲವೂ ಒಂದೇ ಓಣಿಯ ಗಾಳಿಯಂತೆ ಕೇಳಿಸುತ್ತದೆ. ಮಕ್ಕಳು ಅಪ್ಪಂದಿರ ತಟ್ಟೆಗಳನ್ನು ತೆಗೆದು, ಅದರಲ್ಲಿ ತಮಗೆ ಬೇಕಾದ ಎರಡು ಸೆಕೆಂಡು ಹುಡುಕಿಕೊಂಡಿದ್ದಾರೆ.

ಈಗ ವರ್ನನ್ ಬುಲೆವಾರ್ಡ್ ದಾಟಿ ಕ್ವೀನ್ಸ್‌ಬ್ರಿಜ್ ಪಾರ್ಕಿನ ಬೆಂಚಿನ ಮೇಲೆ ಕೂತುಕೊಳ್ಳಿ. ‘ಒನ್ ಲವ್’ ಬಂತು. ಈ ಆಲ್ಬಮ್ಮಿನ ಎದೆ ಇದೇ. ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡದ ಕ್ಯೂ-ಟಿಪ್, ಜಾಝ್ ತಂಡ ಹೀತ್ ಬ್ರದರ್ಸ್‌ನ ಹಳೆಯ ತಟ್ಟೆಯಿಂದ ಆಫ್ರಿಕದ ಹೆಬ್ಬೆರಳು ವಾದ್ಯದ ನಾದವನ್ನೂ ಅದರ ಕೆಳಗೆ ನಡೆಯುವ ಬೇಸನ್ನೂ ತೆಗೆದಿದ್ದಾನೆ. ಮೊದಲೆರಡು ಚರಣಗಳು ಜೈಲಿನಲ್ಲಿರುವ ಗೆಳೆಯರಿಗೆ ಬರೆದ ಕಾಗದಗಳು. ಗೆಳೆಯನಿಗೆ ಮಗ ಹುಟ್ಟಿದ ಸುದ್ದಿ, ಅವನವಳು ಯಾಕೆ ಬರೆಯುತ್ತಿಲ್ಲ ಎಂಬ ಸಂಕಟ, ಯಾರು ಯಾರ ಜೊತೆ ಸೇರಿಕೊಂಡರು, ಯಾರಿಗೆ ಗುಂಡು ತಗುಲಿತು. ಮಾದಕವಸ್ತು ಇಟ್ಟುಕೊಂಡವರಿಗೂ ದೀರ್ಘ ಸೆರೆವಾಸ ಕಡ್ಡಾಯ ಮಾಡಿದ ರಾಕ್‌ಫೆಲರ್ ಕಾನೂನುಗಳು ನ್ಯೂಯಾರ್ಕ್ ರಾಜ್ಯದಲ್ಲಿ ಬಂದದ್ದು 1973ರಲ್ಲಿ. ನಾಸ್ ಹುಟ್ಟಿದ್ದೂ ಅದೇ ವರ್ಷ. ಕಾಗದ ಬರೆಯುವ ವಯಸ್ಸಿಗೆ ಬರುವಷ್ಟರಲ್ಲಿ ಅವನ ಓರಗೆಯವರು ಕಂಬಿಯ ಹಿಂದಿದ್ದರು.

ಮೂರನೆಯ ಚರಣದಲ್ಲಿ ಕಾಗದವಿಲ್ಲ, ಎದುರೆದುರು ಮಾತಿದೆ. ಎರಡು ದಿನ ಊರು ಬಿಟ್ಟು ಹೋಗಿ ಬಂದ ನಾಸ್‌ಗೆ ಹನ್ನೆರಡರ ಹುಡುಗನೊಬ್ಬ ಸಿಗುತ್ತಾನೆ. ಆಗಲೇ ಧಂದೆಗಿಳಿದಿದ್ದಾನೆ, ನಗುವಿನಲ್ಲಿ ತಣ್ಣನೆಯ ಕ್ರೌರ್ಯ. ಜೊತೆಯಲ್ಲಿ ಕೂತು ಸೇದುತ್ತಲೇ ನಾಸ್ ಅವನಿಗೆ ಹೇಳುವ ಬುದ್ಧಿಮಾತು ಎಂಥದ್ದು ನೋಡಿ: ಗುಂಪಿನ ಮೇಲೆ ಗುಂಡು ಹಾರಿಸಬೇಡ, ತಪ್ಪಿ ಇನ್ಯಾರದೋ ಮನೆ ಹಾಳಾಗುತ್ತದೆ. ಏಳುವಾಗ, ಇದರಿಂದ ಮೇಲೆ ಬರಲು ನೋಡು ಎಂದೂ ಹೇಳುತ್ತಾನೆ, ಪೊಲೀಸರ ಬಗ್ಗೆ ಎಚ್ಚರವಿರಲಿ ಎಂದೂ ಹೇಳುತ್ತಾನೆ. ಹನ್ನೆರಡರ ಹುಡುಗನಿಗೆ ಇಪ್ಪತ್ತರ ಹಿರಿಯ ಕೊಡಬಹುದಾದದ್ದು ಅಷ್ಟೇ. ತಾನು ಅವನಿಗಿಂತ ಒಳ್ಳೆಯವನೆಂಬ ನಟನೆ ಎಲ್ಲಿಯೂ ಇಲ್ಲ. ಉಪದೇಶವಾಗಿದ್ದರೆ ಈ ಹಾಡು 1995ರೊಳಗೆ ಹಳಸುತ್ತಿತ್ತು.

1994ರ ಏಪ್ರಿಲ್ 19ರಂದು ಈ ಆಲ್ಬಮ್ ಅಂಗಡಿಗೆ ಬಂದಾಗ ಕಿವಿಗಳೆಲ್ಲ ಲಾಸ್ ಏಂಜಲೀಸ್‌ನ ರ‍್ಯಾಪ್ ಕಡೆಗಿದ್ದವು. ‘ದಿ ಸೋರ್ಸ್’ ಹಿಪ್-ಹಾಪ್ ಪತ್ರಿಕೆ ಐದಕ್ಕೆ ಐದು ಮೈಕ್ ಕೊಟ್ಟಿತು. ಮಾರಾಟ ಮಾತ್ರ ನಿಧಾನ. ಪ್ಲಾಟಿನಂ ಆಗಲು 2001ರವರೆಗೆ ಕಾಯಬೇಕಾಯಿತು. 1996ರಲ್ಲಿ ಬಂದ ಅವನ ಎರಡನೆಯ ಆಲ್ಬಮ್ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು, ಆದರೆ ಜನ ಮರಳಿ ಬರುವುದು ಇದಕ್ಕೇ. ಇದರ ಮೇಲೆ ವಿದ್ವಾಂಸರ ಲೇಖನಗಳ ಪುಸ್ತಕವೇ ಬಂದಿದೆ. 2014ರಲ್ಲಿ ನಾಸ್ ಇದನ್ನು ವಾಷಿಂಗ್ಟನ್‌ನ ಕೆನಡಿ ಸೆಂಟರಿನಲ್ಲಿ ನ್ಯಾಷನಲ್ ಸಿಂಫನಿ ಆರ್ಕೆಸ್ಟ್ರಾದೊಂದಿಗೆ ಹಾಡಿದ. ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಸೇರಿಸಿದ್ದು 2021ರಲ್ಲಿ.

‘ಒನ್ ಟೈಮ್ 4 ಯುವರ್ ಮೈಂಡ್’ ನನಗೆ ಸ್ವಲ್ಪ ಸಡಿಲ ಎನಿಸುತ್ತದೆ, ಅದನ್ನು ದಾಟಿ. ‘ರೆಪ್ರೆಸೆಂಟ್’ನಲ್ಲಿ ಓಣಿಯ ಗೆಳೆಯರೆಲ್ಲ ಸ್ಟುಡಿಯೊ ತುಂಬಿಕೊಂಡು ಕೂಗುತ್ತಾರೆ. ಆಮೇಲೆ ಕೊನೆಯ ಹಾಡು, ‘ಇಟ್ ಏಂಟ್ ಹಾರ್ಡ್ ಟು ಟೆಲ್’. ಮೈಕೆಲ್ ಜಾಕ್ಸನ್ನನ ‘ಹ್ಯೂಮನ್ ನೇಚರ್’ನ ತಿರುವು, ಅದರ ಮೇಲೆ ಸ್ಯಾಕ್ಸೊಫೋನಿನ ಕೇಕೆ. ಕ್ಯಾಸೆಟ್ ಹಿಡಿದು ಕಂಪನಿಗಳ ಬಾಗಿಲು ತಟ್ಟುತ್ತಿದ್ದ ಕಾಲದ ಡೆಮೊದಲ್ಲೇ ಇದರ ಮೊದಲ ರೂಪವಿತ್ತು. ಇಲ್ಲಿ ಕೊಲೆಯ ಕಥೆಯಿಲ್ಲ, ಜೈಲಿನ ಕಥೆಯಿಲ್ಲ. ಮಾತು ತನ್ನ ಹಿಡಿತಕ್ಕೆ ಸಿಕ್ಕಿದೆ ಎಂದು ಗೊತ್ತಾದ ಹುಡುಗನ ಜಂಬ, ಖುಷಿ, ಒಂದರ ಮೇಲೊಂದು ಉಪಮೆ. ಧ್ವನಿ ಜೋರು ಮಾಡಿ. ಪಕ್ಕದ ಬೆಂಚಿನವರಿಗೆ ಕೇಳಿಸಿದರೂ ಅವರಿಗಿದು ಹೊಸದೇನಲ್ಲ, ಪದಗಳೆಲ್ಲ ಬಾಯಿಪಾಠವಿರುತ್ತವೆ.