ಕೆನ್ನೆಯೊಳಗಿನ ಚಿಲುಮೆ

ಮುಖ ನೋಡಿ ಮಣೆ ಹಾಕುವುದು ಲೋಕದ ವಾಡಿಕೆ. ಆದುದರಿಂದ ಮುಖವನ್ನು ತಿದ್ದಿಕೊಳ್ಳುವ ಆಸೆಯನ್ನು ಬರಿಯ ಒಣಜಂಬವೆಂದು ಹಳಿಯುವುದು ನ್ಯಾಯವಲ್ಲ. 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡ ಕಾವಸ್‌ಜಿ ಎಂಬ ಬಂಡಿಯವನಿಗೆ ದೇಶೀಯ ವೈದ್ಯನೊಬ್ಬನು ಹಣೆಯ ಚರ್ಮದಿಂದ ಹೊಸ ಮೂಗನ್ನು ಮಾಡಿಕೊಟ್ಟ ವೃತ್ತಾಂತವು 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. ಅವನು ಬಯಸಿದುದು ನಾಲ್ವರೆದುರು ತಲೆಯೆತ್ತಬಹುದಾದ ಮುಖವನ್ನು. 1882ರಲ್ಲಿ ಆಂಗ್ಲೋ-ಇಂಡಿಯನ್ನರ ಒಕ್ಕಲುಹಳ್ಳಿಯಾಗಿ ಹುಟ್ಟಿ ಈಗ ಗಾಜಿನ ಸೌಧಗಳ ಊರಾಗಿರುವ ವೈಟ್‌ಫೀಲ್ಡಿನಲ್ಲಿ, ಹಗಲೆಲ್ಲ ಕಂಪ್ಯೂಟರಿನ ತೆರೆಯ ಮೇಲೆ ತನ್ನ ಮುಖವನ್ನೇ ಕಾಣುತ್ತ ದುಡಿಯುವ ನಡುವಯಸ್ಸಿನವರ ಬಯಕೆಯೂ ಇದಕ್ಕಿಂತ ಬಹಳ ಬೇರೆಯಲ್ಲ.

ಜೋತ ಕೆನ್ನೆಯನ್ನು ಎತ್ತಿ ಬಿಗಿಯುವ ಶಸ್ತ್ರಚಿಕಿತ್ಸೆಗೆ ಈಗ ನಗರದಲ್ಲಿಯೇ ಅನುಕೂಲವುಂಟು. ಆದರೆ ಶಸ್ತ್ರವು ನಡೆಯುವ ಆ ಎಡೆ ಸಾಮಾನ್ಯವಾದುದಲ್ಲ. ಕಿವಿಯ ಮುಂದೆ, ಚರ್ಮದ ಕೆಳಗೆ, ಪರೋಟಿಡ್ ಎಂಬ ಲಾಲಾಗ್ರಂಥಿಯಿದೆ. ಮುಖವನ್ನು ಆಡಿಸುವ ನರವು ಅದರೊಳಗೆಯೇ ಕವಲೊಡೆಯುತ್ತದೆ. 1660ರಲ್ಲಿ ಡೆನ್ಮಾರ್ಕಿನ ಸ್ಟೆನೋ ಎಂಬ ಪಂಡಿತನು ಗುರುತಿಸಿದ ನಾಳವು ಅಲ್ಲಿಂದ ಹೊರಟು ಮೇಲಿನ ಎರಡನೆಯ ದವಡೆಹಲ್ಲಿನ ಎದುರು ಬಾಯೊಳಕ್ಕೆ ತೆರೆಯುತ್ತದೆ. ಗ್ರಂಥಿಗೆ ಗಾಯವಾದರೆ, ವಿರಳವಾಗಿ, ಬಾಯಿಗೆ ಹೋಗಬೇಕಾದ ರಸವು ಚರ್ಮದಡಿಯಲ್ಲಿ ನಿಂತು ಕೆನ್ನೆ ಉಬ್ಬುವುದು. ಇಲ್ಲವೆ ಹೊಲಿಗೆಯಿಂದ ಜಿನುಗುವುದು. ಉಪ್ಪಿನಕಾಯಿ ಎಲೆಗೆ ಬಿದ್ದೊಡನೆ ಬಾಯಲ್ಲಿ ಊರಬೇಕಾದ ನೀರು ಕೆನ್ನೆಯಲ್ಲಿ ಊರುವುದೇ ಇದರ ಗುರುತು.

ಇಲ್ಲಿ ರೋಗಕ್ಕಿಂತ ಸಂಕೋಚವೇ ಹೆಚ್ಚು ಕೇಡು ಮಾಡುತ್ತದೆ. ರಜೆ ಪಡೆದು ಗುಟ್ಟಾಗಿ ಚಿಕಿತ್ಸೆ ಮಾಡಿಸಿಕೊಂಡವರು ಬಾವನ್ನೂ ಗುಟ್ಟಾಗಿಡುತ್ತಾರೆ. ತಾವೇ ಹಿಸುಕಿ, ಕಾವು ಕೊಟ್ಟು, ದಿನ ನೂಕುತ್ತಾರೆ. ಅಷ್ಟರಲ್ಲಿ ಕೀವು ಸೇರಬಹುದು. ಶಸ್ತ್ರವೈದ್ಯನಾದರೋ ಸೂಜಿಯಿಂದ ದ್ರವವನ್ನು ತೆಗೆದು ಪರೀಕ್ಷೆಗೆ ಕಳುಹಿಸುತ್ತಾನೆ. ಅದರಲ್ಲಿ ಅಮೈಲೇಸ್ ಹೇರಳವಾಗಿದ್ದರೆ ಅದು ಲಾಲಾರಸವೆಂದು ತಿಳಿಯುತ್ತದೆ. ಅನಂತರ ಬಿಗಿಯಾದ ಕಟ್ಟು, ಹುಳಿಯಿಲ್ಲದ ಮೆತ್ತನೆಯ ಆಹಾರ, ಬೇಕಾದಾಗ ಮತ್ತೆ ಸೂಜಿ. ಬಹುಪಾಲು ಇಷ್ಟರಿಂದಲೇ ಗುಣವಾಗುತ್ತದೆ. ಆಗದಿದ್ದರೆ ಗ್ರಂಥಿಗೆ ಬೊಟುಲಿನಮ್ ಔಷಧಿಯನ್ನು ಚುಚ್ಚುವುದುಂಟು. ಸುಕ್ಕನ್ನು ಅಳಿಸಲು ಬಳಸುವ ಆ ಔಷಧಿಯೇ ಗ್ರಂಥಿಗೆ ಬರುವ ನರದ ಸಂದೇಶವನ್ನು ಕೆಲವು ತಿಂಗಳು ತಡೆಯುತ್ತದೆ. ಆ ಬಿಡುವಿನಲ್ಲಿ ಗಾಯವು ಮಾಯುತ್ತದೆ. ಮುಖದ ನರಕ್ಕೆ ಅಪಾಯವಿರುವುದರಿಂದ ಮತ್ತೆ ಶಸ್ತ್ರವನ್ನೆತ್ತುವುದು ಕಡೆಯ ಮಾತು. ಜ್ವರ ಬಂದರೆ, ಕೆನ್ನೆ ಕೆಂಪೇರಿದರೆ, ಬಾಯಿ ಸೊಟ್ಟಗಾದರೆ ಅಂದೇ ವೈದ್ಯನನ್ನು ಕಾಣಬೇಕು.

ಹೀಗೆ, ಇದು ಹಲವು ವಾರಗಳ ತಾಳ್ಮೆಯನ್ನು ಬೇಡುವ ಕೆಲಸ. ಮನೆಯವರು ಮಾಡಬಹುದಾದ ಉಪಕಾರವು ಎರಡೇ: ಹದವಾದ ಗಂಜಿಯನ್ನು ಕಾಸಿಕೊಡುವುದು, ‘ಇದೆಲ್ಲ ಏಕೆ ಬೇಕಾಗಿತ್ತು’ ಎಂಬ ಮಾತನ್ನು ನುಂಗಿಕೊಳ್ಳುವುದು. ಎರಡನೆಯದು ಆ ಮನೆಯಲ್ಲಿ ಆಗದಿದ್ದರೆ ರೋಗಿಯು ವೈದ್ಯನ ಬಳಿಗೂ ತಡವಾಗಿಯೇ ಹೋಗುವನು.